ತುಫಾನಿನ ಒಳಕೋಣೆ

ರಾಯಚೂರಿಗೆ ಚಂಡಮಾರುತ ಬರುವುದಿಲ್ಲ. ಪೂರ್ವದ ಸಮುದ್ರವೂ ದೂರ, ಪಶ್ಚಿಮದ ಸಮುದ್ರವೂ ದೂರ. ನಮ್ಮೂರಿಗೆ ಬರುವುದು ಬಿಸಿಲು, ಬಂದದ್ದು ಬೇಗ ಹೋಗುವುದೂ ಇಲ್ಲ. ಇಂಥ ಊರಿನಲ್ಲಿ ಕೂತು ಒಬ್ಬರು ತಮ್ಮ ಇಡೀ ನೌಕರಿಯನ್ನು ಬಂಗಾಳಕೊಲ್ಲಿಯ ಚಂಡಮಾರುತಗಳ ನಡುಮಧ್ಯದಲ್ಲಿ ಗಾಳಿಯ ಒತ್ತಡ ಎಷ್ಟಿರಬಹುದು ಎಂದು ಲೆಕ್ಕ ಹಾಕುವುದರಲ್ಲಿ ಕಳೆದರು. ಅವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕರು. ನಾನು ಅದೇ ಸ್ಟಾಫ್ ರೂಮಿನಲ್ಲಿ ಅವರ ಎದುರು ಕುರ್ಚಿಯಲ್ಲಿ ಕೂತು ಅದನ್ನೆಲ್ಲ ಕೇಳಿಸಿಕೊಂಡ ಕನ್ನಡ ಉಪನ್ಯಾಸಕಿ. ಹೋದ ತಿಂಗಳು ಅವರು ನಿವೃತ್ತರಾದರು. ಸ್ಮರಣ ಸಂಚಿಕೆಗೆ ಲೇಖನ ಕೇಳಲು ಬಂದವರು ಒಳ್ಳೆಯ ಗುಣಗಳನ್ನಷ್ಟೇ ಬರೆಯಬೇಕೆಂದರು. ಹಾಗಾದರೆ ಅರ್ಧ ಪುಟ ಸಾಕಾಗುತ್ತದೆ ಎಂದೆ. ಅವರು ಬೇರೆ ಯಾರಿಂದಲೋ ಬರೆಸಿಕೊಂಡರು. ಉಳಿದದ್ದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಬಲ್ಲವರಿಗೆ ಎರಡನೇ ಸಾಲಿಗೇ ತಿಳಿದಿರುತ್ತದೆ, ಉಳಿದವರಿಗೆ ಹೆಸರಿನಿಂದ ಆಗಬೇಕಾದ್ದು ಏನೂ ಇಲ್ಲ.

ಎತ್ತರದ ಸಣಕಲು ಆಳು. ಬೇಸಿಗೆ, ಚಳಿಗಾಲ ಎಂಬ ಭೇದವಿಲ್ಲದೆ ಅರ್ಧ ತೋಳಿನ ಬಿಳಿ ಅಂಗಿ. ಕಿಸೆಯಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ನೀಲಿ ತಮ್ಮ ಲೆಕ್ಕಕ್ಕೆ, ಕೆಂಪು ಇನ್ನೊಬ್ಬರ ತಪ್ಪಿಗೆ. ಆ ಕೆಂಪು ಪೆನ್ನಿಗೆ ಕಾಲೇಜಿನಲ್ಲಿ ಬಿಡುವೇ ಇರಲಿಲ್ಲ. ನೋಟಿಸ್ ಬೋರ್ಡಿನ ಸುತ್ತೋಲೆ, ಮದುವೆಯ ಕರೆಯೋಲೆ, ಪ್ರಾಂಶುಪಾಲರ ರಜಾ ಅರ್ಜಿ, ಯಾವುದೂ ಅದರ ಕೈಯಿಂದ ಪಾರಾಗಲಿಲ್ಲ. ಒಮ್ಮೆ ನಮ್ಮ ಹಳೆಯ ಗುಮಾಸ್ತರು ತೀರಿಕೊಂಡಾಗ ನಾನು ಬರೆದ ಶ್ರದ್ಧಾಂಜಲಿಯ ಸಾಲಿನಲ್ಲಿ ಅವರು ವಯಸ್ಸನ್ನು ತಿದ್ದಿದರು. ಗುಮಾಸ್ತರ ಹೆಂಡತಿಯೇ ಹೇಳಿದ ವಯಸ್ಸು ಅದು ಎಂದೆ. ಆಕೆಯ ಲೆಕ್ಕವೂ ತಪ್ಪಿರಬಹುದು ಎಂದರು.

ಅವರ ಲೆಕ್ಕ ಮಾತ್ರ ತಪ್ಪುತ್ತಿರಲಿಲ್ಲ. ಬೋರ್ಡಿನ ಮೇಲೆ ಉತ್ತರ ತಪ್ಪಾಗಿ ಬಂದು ಯಾವನಾದರೂ ಹುಡುಗ ಎದ್ದು ತೋರಿಸಿದರೆ, ನೀವು ಎಚ್ಚರ ಇದ್ದೀರೋ ಇಲ್ಲವೋ ನೋಡಿದೆ ಎಂದು ಅಳಿಸಿಬಿಡುತ್ತಿದ್ದರು. ಸರ್‌ಗೆ ಹಿಂದಿನ ದಿನ ನಿದ್ದೆ ಆಗಿಲ್ಲದಿದ್ದರೆ ನಮ್ಮ ಎಚ್ಚರದ ತನಿಖೆ ಜಾಸ್ತಿ ಎಂದು ಹುಡುಗಿಯರು ನನ್ನ ಕ್ಲಾಸಿನಲ್ಲಿ ಬಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಸ್ಟಾಫ್ ರೂಮಿನ ಫ್ಯಾನು ಅವರ ಮೊದಲ ಪ್ರಯೋಗಾಲಯ. ಬಂದವರೇ ಅದನ್ನು ಐದಕ್ಕೆ ಏರಿಸುತ್ತಿದ್ದರು. ನಾವು ತಿದ್ದುತ್ತಿದ್ದ ಉತ್ತರ ಪತ್ರಿಕೆಗಳೆಲ್ಲ ಎದ್ದು ಹಾರುತ್ತಿದ್ದವು. ನಾವು ಮೇಜಿನ ಕೆಳಗೆ ಬಗ್ಗಿ ಹೆಕ್ಕುತ್ತಿದ್ದರೆ ಅವರು ಕೈಕಟ್ಟಿ ನಿಂತು, ಹರಿವು ಜೋರಾದಲ್ಲಿ ಒತ್ತಡ ಇಳಿಯುತ್ತದೆ, ಮೇಲಿನ ಒತ್ತಡ ಇಳಿದರೆ ಕಾಗದ ತಾನಾಗಿ ಏಳುತ್ತದೆ, ಇದರಲ್ಲಿ ನನ್ನ ತಪ್ಪೇನಿದೆ ಎಂದು ಕೇಳುತ್ತಿದ್ದರು. ಮನೆಯಲ್ಲಿ ಅವರ ಹೆಂಡತಿ ಫ್ಯಾನನ್ನು ಎರಡರ ಮೇಲೆ ಹೋಗಗೊಡುತ್ತಿರಲಿಲ್ಲವಂತೆ. ಆ ಸೇಡನ್ನೆಲ್ಲ ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಎರಡನೇ ಪ್ರಯೋಗಾಲಯ ಚಹದ ಲೋಟ. ನಮ್ಮ ಅಟೆಂಡರ್ ಮಹಬೂಬ್ ಹನ್ನೊಂದಕ್ಕೆ ಚಹ ತಂದಿಟ್ಟರೆ, ಇವರು ಅದರೊಳಗೆ ಚಮಚ ಹಾಕಿ ಗರಗರ ತಿರುಗಿಸಿ ಹೊರಗೆ ತೆಗೆದು, ನೋಡಿ ನೋಡಿ ಎಂದು ಎಲ್ಲರನ್ನೂ ಕರೆಯುತ್ತಿದ್ದರು. ಚಹ ಲೋಟದ ಗೋಡೆಯ ಕಡೆ ಏರಿ, ನಡುವೆ ತಗ್ಗು ಬಿದ್ದು ಸುತ್ತುತ್ತಿರುತ್ತಿತ್ತು. ಆ ತಗ್ಗೇ ಚಂಡಮಾರುತದ ಕಣ್ಣು. ಚಹ ಅಲ್ಲಿ ಎಷ್ಟು ಇಳಿದಿದೆಯೋ ಅಷ್ಟು ಅಲ್ಲಿಯ ಒತ್ತಡ ಕಡಿಮೆ. ಸಮುದ್ರದ ಮೇಲೆ ಇದನ್ನೇ ಚಹದ ಬದಲು ಗಾಳಿಯಲ್ಲಿ ಕಲ್ಪಿಸಿಕೊಳ್ಳಬೇಕು. ಸುತ್ತುವ ಗಾಳಿಯ ವೇಗ ಇಷ್ಟು ಎಂದು ಟೀವಿಯವರು ಹೇಳುತ್ತಾರೆ, ಆ ವೇಗ ಕೊಟ್ಟರೆ ಸಾಕು, ಒಳಗಿನ ಒತ್ತಡ ಎಷ್ಟು ಇಳಿದಿದೆ ಎಂದು ನಾನು ಈ ಕುರ್ಚಿಯಲ್ಲಿ ಕೂತೇ ಹೇಳಬಲ್ಲೆ ಎಂಬುದು ಅವರ ಹೆಮ್ಮೆ. ಅಷ್ಟು ಹೊತ್ತಿಗೆ ಅರ್ಧ ಚಹ ಮೇಜಿನ ಮೇಲೆ ಚೆಲ್ಲಿರುತ್ತಿತ್ತು. ಮಹಬೂಬ್ ಒರೆಸುವ ಬಟ್ಟೆ ಹಿಡಿದು, "ಪೀನೆಕು ಲಾಯಾ ಸಾಬ್, ಘುಮಾನೆಕು ನೈ" ಎಂದು ಗೊಣಗುತ್ತಿದ್ದ. ಕುಡಿಯಲು ತಂದದ್ದು, ತಿರುಗಿಸಲಿಕ್ಕಲ್ಲ ಎಂದು. ತುಫಾನ್ ಸಾಬ್ ಎಂದು ಹೆಸರಿಟ್ಟವನೂ ಅವನೇ. ಅದು ಕಾಲೇಜಿನ ಕಾಂಪೌಂಡು ದಾಟಿ, ಬಸ್ ನಿಲ್ದಾಣ ದಾಟಿ, ಅವರ ಊರು ದೇವದುರ್ಗಕ್ಕೂ ಅವರಿಗಿಂತ ಮೊದಲೇ ಹೋಗಿ ಮುಟ್ಟಿತು.

ಈ ಹುಚ್ಚು ಹತ್ತಿದ್ದು ದೇವದುರ್ಗದಲ್ಲೇ. ಚಿಕ್ಕವರಿದ್ದಾಗ ಒಂದು ಬೇಸಿಗೆಯಲ್ಲಿ ಹೊಲದಲ್ಲಿ ಸುಂಟರಗಾಳಿ ಎದ್ದಿತಂತೆ. ಧೂಳು, ಹತ್ತಿಯ ಕಸ, ಅವರಪ್ಪನ ರುಮಾಲು ಎಲ್ಲವನ್ನೂ ಎತ್ತಿಕೊಂಡು ಹೊರಟಿತು. ಅದರಲ್ಲಿ ದೆವ್ವ ಇರುತ್ತದೆಂದು ಉಳಿದವರು ಉಗುಳಿ ಹಿಂದೆ ಸರಿದರೆ, ಇವರು ರುಮಾಲು ಹಿಡಿಯಲು ಅದರೊಳಕ್ಕೇ ಓಡಿದರು. ನಡುವೆ ಹೋದಾಗ ಕಿವಿ ಟಪ್ ಎಂದಿತು. ರುಮಾಲು ಸಿಗಲಿಲ್ಲ, ಅಪ್ಪನಿಂದ ಏಟು ಸಿಕ್ಕಿತು. ಆ ಕಿವಿ ಯಾಕೆ ಟಪ್ ಎಂದಿತು ಎಂಬುದಕ್ಕೆ ಉತ್ತರ ಹುಡುಕುತ್ತ ಎಂ.ಎಸ್ಸಿ. ಮಾಡಿದೆ ಎಂದು ಅವರು ಹೇಳುತ್ತಿದ್ದರು. ಅವತ್ತು ತಲೆಯೊಳಗೆ ಹೊಕ್ಕ ಧೂಳು ಇನ್ನೂ ಇಳಿದಿಲ್ಲ ಎಂದು ನಾನು ಹೇಳುತ್ತಿದ್ದೆ. ಸಮುದ್ರವನ್ನು ಅವರು ನೋಡಿದ್ದು ಒಂದೇ ಸಲ, ಆಂಧ್ರದ ಕಡೆ ಬೀಗರ ಮದುವೆಗೆ ಹೋದಾಗ. ಬಂದ ಮೇಲೆ ಹೇಗಿತ್ತು ಎಂದು ಕೇಳಿದೆವು. ಸುಮ್ಮನೆ ಬಿದ್ದಿತ್ತು ಎಂದು ಬೇಸರದಿಂದ ಹೇಳಿದರು.

ಕಾಲೇಜಿನಲ್ಲಿ ಗಾಳಿಯ ಒತ್ತಡ ಅಳೆಯುವ ಒಂದು ಬ್ಯಾರೋಮೀಟರೂ ಇರಲಿಲ್ಲ. ಹಿಂದೆ ಇದ್ದದ್ದು ಒಡೆದು ಪಾದರಸ ನೆಲದ ಬಿರುಕಿನೊಳಗೆ ಹೋಯಿತು. ಅಂದಿನಿಂದ ಅವರು ಪ್ರತಿ ವರ್ಷ ಹೊಸದಕ್ಕೆ ಬೇಡಿಕೆ ಇಡುತ್ತಿದ್ದರು. ಆಡಳಿತ ಮಂಡಳಿ ಪ್ರತಿ ವರ್ಷ ಒಪ್ಪಿ, ಬೇರೆ ಏನನ್ನಾದರೂ ತರುತ್ತಿತ್ತು. ಒಂದು ವರ್ಷ ಕಮಾನು ಕಟ್ಟಿಸಿದರು, ಇನ್ನೊಂದು ವರ್ಷ ಸಭಾಂಗಣಕ್ಕೆ ಜನರೇಟರ್ ಬಂತು. ಮಂಡಳಿಯ ಅಧ್ಯಕ್ಷರು ಮಾನ್ವಿಯ ಸಾಹುಕಾರರು. ಎರಡು ಅಕ್ಕಿ ಗಿರಣಿ, ಹಣೆ ತುಂಬ ವಿಭೂತಿ, ಬಾಯಿ ತುಂಬ ಶರಣು. ಗಾಳಿ ಕಣ್ಣಿಗೆ ಕಾಣುವುದಿಲ್ಲ, ಕಾಣದ್ದನ್ನು ಅಳೆಯಲು ಯಂತ್ರವೇಕೆ ಎಂದು ಒಮ್ಮೆ ಸಭೆಯಲ್ಲಿ ಕೇಳಿದ ಭೂಪರು ಇವರು.

ಆದರೆ ಇದೇ ಸಾಹುಕಾರರು ನವೆಂಬರ್ ಬಂತೆಂದರೆ ತುಫಾನ್ ಸರ್‌ಗೆ ದಿನಕ್ಕೊಂದು ಫೋನು ಮಾಡುತ್ತಿದ್ದರು. ಕಾರಣವಿದೆ. ಚಂಡಮಾರುತ ನಮ್ಮ ಊರಿಗೆ ಬಾರದಿದ್ದರೂ ಅದರ ಬಾಲ ಬರುತ್ತದೆ. ಕಾಲುವೆ ನೀರಿನ ಭತ್ತ ಕಟಾವಾಗಿ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ರಸ್ತೆಯ ಒಂದು ಮಗ್ಗುಲಲ್ಲಿ ಒಣಗಲು ಹರಡಿರುವ ಹೊತ್ತಿಗೇ ಅಲ್ಲೆಲ್ಲೋ ಸಮುದ್ರದಲ್ಲಿ ಗಾಳಿ ಸುತ್ತತೊಡಗುತ್ತದೆ. ಆ ಬಾಲ ಈ ಕಡೆ ಹೊರಳಿದರೆ ಎರಡು ದಿನ ಜಿಟಿಜಿಟಿ ಮಳೆ. ಹರಡಿದ ಭತ್ತ ನೆನೆದು ಮೊಳಕೆ ಒಡೆಯುತ್ತದೆ. ಹೆದರಿದ ರೈತರು ಮಳೆಗೆ ಮುಂಚೆ ಹಸಿ ಭತ್ತವನ್ನೇ ತುಂಬಿಕೊಂಡು ಗಿರಣಿ ಬಾಗಿಲಿಗೆ ಬರುತ್ತಾರೆ. ಹೀಗಾಗಿ ತುಫಾನಿನ ಸುದ್ದಿ ಗಿರಣಿಯವರಿಗೆ ಹೊಟ್ಟೆಪಾಡಿನ ಸುದ್ದಿ.

"ತುಫಾನಿನ ಬಿಪಿ ಎಷ್ಟದ ಸರ?" ಎಂದು ಸಾಹುಕಾರರು ಕೇಳುತ್ತಿದ್ದರು. ಅವರಿಗೆ ಒತ್ತಡ ಎಂದರೆ ಅದೊಂದೇ. ಸರ್ ಕಾಗದ ತೆಗೆದು, ವೇಗದ ವರ್ಗ ಮಾಡಿ, ಗಾಳಿಯ ಸಾಂದ್ರತೆಯಿಂದ ಗುಣಿಸಿ, ಅರ್ಧ ಮಾಡಿ, ಇಷ್ಟು ಇಳಿದಿದೆ ಎನ್ನುತ್ತಿದ್ದರು. ಮಳೆ ಬರುತ್ತದೋ ಇಲ್ಲವೋ ಎಂಬುದು ಸಾಹುಕಾರರ ನಿಜವಾದ ಪ್ರಶ್ನೆ. ಆ ಕಾಗದದಲ್ಲಿ ಮಳೆಯ ಮಾತೇ ಇರುತ್ತಿರಲಿಲ್ಲ. ಒತ್ತಡ ಹೆಚ್ಚು ಇಳಿದರೆ ದೊಡ್ಡ ತುಫಾನು, ಕಡಿಮೆ ಇಳಿದರೆ ಸಣ್ಣದು, ಅಷ್ಟು ಮಾತ್ರ ಅದು ಹೇಳುತ್ತಿತ್ತು. ಎತ್ತ ಹೊರಳುತ್ತದೆ, ಮಾನ್ವಿ ಕಡೆಯ ಕಲ್ಲೂರಿನ ರಸ್ತೆಯ ಮೇಲೆ ಎಷ್ಟು ಹನಿ ಬೀಳುತ್ತದೆ ಎಂಬುದು ಬೇರೆಯೇ ಶಾಸ್ತ್ರ. ಇದು ಸರ್‌ಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕೇಳುವವರೇ ಇಲ್ಲದ ಶಾಸ್ತ್ರಕ್ಕೆ ಎರಡು ಗಿರಣಿಯ ಒಡೆಯ ಕಿವಿ ಕೊಡುತ್ತಿರುವಾಗ, ಅದನ್ನು ಬಿಡಿಸಿ ಹೇಳಿ ಆ ಕಿವಿ ಕಳೆದುಕೊಳ್ಳುವಷ್ಟು ದೊಡ್ಡ ಮನಸ್ಸು ಅವರಿಗೆ ಇರಲಿಲ್ಲ. ಅವರು ಒತ್ತಡ ಹೇಳುತ್ತಿದ್ದರು, ಸಾಹುಕಾರರು ಅದನ್ನು ಮಳೆ ಮಾಡಿಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ ಇಂಥದ್ದೇ ಒಂದು ನವೆಂಬರ್. ಸಮುದ್ರದಲ್ಲಿ ಗಾಳಿ ಎದ್ದಿತ್ತು. ಟೀವಿಯವರು ಅಂಗಿ ಒದ್ದೆ ಮಾಡಿಕೊಂಡು ದಂಡೆಯ ಮೇಲೆ ನಿಂತು ಕಿರುಚುತ್ತಿದ್ದರು. ಕಲ್ಲೂರಿನಲ್ಲಿ ನನ್ನ ಅಕ್ಕನ ಮನೆ. ಅವಳ ಭತ್ತ ಕಟಾವಾಗಿ ರಸ್ತೆಯ ಮೇಲೆ ಬಿದ್ದಿತ್ತು. ನಿಮ್ಮ ಸರ್ ಏನು ಹೇಳುತ್ತಾರೆ ಕೇಳು ಎಂದು ಫೋನು ಮಾಡಿದಳು. ನಾನು ಕೇಳಿದೆ. ಸರ್ ಲೆಕ್ಕ ಮಾಡಿ, ಇದರ ಒಳಗೆ ಅಂಥ ಇಳಿತವಿಲ್ಲ, ಹಗುರದ್ದು, ಟೀವಿಯವರಿಗೆ ಕೆಲಸವಿಲ್ಲ ಎಂದರು. ಅದನ್ನೇ ಸಾಹುಕಾರರಿಗೂ ಹೇಳಿದ್ದರು. ಸಾಹುಕಾರರ ಅಂಗಳ ಆಗಲೇ ಚೀಲಗಳಿಂದ ತುಂಬಿತ್ತು. ರೈತರು ಹೆದರಿ ಇನ್ನಷ್ಟು ತಂದು ಸುರಿಯುವುದು ಅವರಿಗೆ ಬೇಕಿರಲಿಲ್ಲ. ನಮ್ಮ ಕಾಲೇಜಿನ ವಿಜ್ಞಾನಿ ಹೇಳಿದ್ದಾರೆ, ಮಳೆ ಇಲ್ಲ, ನಿಧಾನವಾಗಿ ಒಣಗಿಸಿ ತನ್ನಿರಿ ಎಂದು ಊರೂರಿಗೆ ಹೇಳಿಸಿದರು. ಸರ್ ಒಂದೇ ದಿನದಲ್ಲಿ ವಿಜ್ಞಾನಿಯಾದರು. ಅವತ್ತು ಅವರು ಮಹಬೂಬನಿಗೆ ಇನ್ನೊಂದು ಲೋಟ ಚಹ ತರಹೇಳಿ ಅದನ್ನೂ ತಿರುಗಿಸಿದರು.

ಅವರ ಉಬ್ಬು ನೋಡಿ ನನಗೆ ಸಾಕಾಗಿತ್ತು. ಬಾಯಿ ಮುಚ್ಚಿಸಬೇಕೆಂಬ ಒಂದೇ ಉದ್ದೇಶದಿಂದ ಒಂದು ಮಾತು ಕೇಳಿದೆ. ಭೌತಶಾಸ್ತ್ರ ನಾನು ಪಿಯುಸಿಯಲ್ಲಿ ಬಿಟ್ಟದ್ದು. "ಸರ, ಗಾಳಿ ಜೋರಿದ್ದಲ್ಲಿ ಒತ್ತಡ ಕಮ್ಮಿ ಅಂತೀರಿ. ತುಫಾನಿನ ಕಣ್ಣಿನ್ಯಾಗ ಗಾಳಿನ ಇರಂಗಿಲ್ಲ ಅಂತೀರಿ. ಹಂಗಂದ್ರ ಅಲ್ಲಿ ಒತ್ತಡ ಜಾಸ್ತಿ ಇರಬೇಕಲ್ರಿ? ಮತ್ತ ಅಲ್ಲೇ ಎಲ್ಲಾಕ್ಕಿಂತ ಕಮ್ಮಿ ಅಂತ ಯಾಕ ಹೇಳತೀರಿ?"

ಚಮಚ ಲೋಟದಲ್ಲೇ ನಿಂತಿತು. ಹುಡುಗರಿಗೆ ಹೇಳುವ ಹಾಗೆ, ನಿಮ್ಮ ಎಚ್ಚರ ನೋಡಿದೆ ಎನ್ನುತ್ತಾರೆಂದುಕೊಂಡೆ. ಅವರು ಚಹ ಸುತ್ತುವುದು ನಿಂತು, ಮೇಲೆ ಕೆನೆ ಕಟ್ಟುವ ತನಕ ಅದನ್ನೇ ನೋಡುತ್ತ ಕೂತರು. ಗಂಟೆ ಹೊಡೆದಾಗ ಕ್ಲಾಸಿಗೆ ಹೋಗುವುದನ್ನೂ ಮರೆತರು.

ಮರುದಿನ ಅವರು ಫ್ಯಾನು ಹಾಕಲಿಲ್ಲ. ಚಹ ಮುಟ್ಟಲಿಲ್ಲ. ಗ್ರಂಥಾಲಯದ ಮೂಲೆಯಲ್ಲಿ ದಪ್ಪ ಪುಸ್ತಕಗಳ ನಡುವೆ ಕೂತವರು ಸಂಜೆ ನನ್ನ ಮೇಜಿಗೆ ಬಂದರು. ಮುಖ ಇಳಿದುಹೋಗಿತ್ತು. ತಾವು ಹಚ್ಚುತ್ತಿದ್ದ ಸೂತ್ರ ಹೊರಗಿನಿಂದ ಒಳಗೆ ಬರುತ್ತ, ಗಾಳಿ ಅತಿ ಜೋರಾಗಿ ಸುತ್ತುವ, ಕಣ್ಣಿನ ಅಂಚಿನ ಗೋಡೆಯ ತನಕ ಮಾತ್ರ ನಡೆಯುತ್ತದೆ ಎಂದರು. ಗೋಡೆಯ ಒಳಗೆ ಗಾಳಿ ಬೇರೆ ರೀತಿ ತಿರುಗುತ್ತದೆ, ಲೋಟದ ಚಹದ ಹಾಗೆ ಎಲ್ಲ ಒಟ್ಟಾಗಿ. ಅಲ್ಲಿ ಆ ಸೂತ್ರಕ್ಕೆ ಪ್ರವೇಶವಿಲ್ಲ. ಇಷ್ಟು ವರ್ಷ ತಾವು ಗೋಡೆಯ ತನಕ ಲೆಕ್ಕ ಮಾಡಿ ಅದನ್ನೇ ನಡುವಿನ ಲೆಕ್ಕ ಎಂದು ಹೇಳುತ್ತ ಬಂದಿದ್ದರಂತೆ. ಒಳಕೋಣೆಯನ್ನೇ ಬಿಟ್ಟಿದ್ದರು.

ಹಾಗಾದರೆ ನಡುವಿಗೆ ಹೋದಂತೆ ಗಾಳಿ ತಗ್ಗಿದರೂ ಒತ್ತಡ ಯಾಕೆ ಇಳಿಯುತ್ತದೆ ಎಂದು ಕೇಳಿದೆ. ಆಗ ಅವರು ನನಗೆ ಜೋಳದ ಹೊಲದ ಕವಣೆ ಹೇಳಿದರು. "ಕವಣಿ ತಿರುವೂ ಮುಂದ ಕಲ್ಲು ಹೊರಗ ಓಡಾಕ ನೋಡತದ, ಹಗ್ಗ ಒಳಗ ಎಳದು ಹಿಡದಿರತದ. ಗಾಳಿಗೆ ಹಗ್ಗ ಇಲ್ಲ ಮೇಡಂ. ಹೊರಗಿನ ಒತ್ತಡನ ಅದರ ಹಗ್ಗ. ಹೊರಗ ಜಾಸ್ತಿ, ಒಳಗ ಕಮ್ಮಿ ಇದ್ರ ಮಾತ್ರ ಅದು ಸುತ್ತಾಕ ಬರತದ. ನಡಕ ಹೋದಂಗ ಇಳೀತನ ಹೋಗತದ." ಹೊರಗಿನಿಂದ ಗೋಡೆಯ ತನಕ ಎಷ್ಟು ಇಳಿಯುತ್ತದೋ, ಗೋಡೆಯಿಂದ ನಡುವಿನ ತನಕ ಮತ್ತೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಅಂದರೆ ಅವರು ಹೇಳಿದ್ದು ಅರ್ಧ. ಹಗುರದ್ದು ಎಂದ ತುಫಾನು ಹಗುರದ್ದಲ್ಲ.

ಇದನ್ನು ಹೇಳಿ ಮುಗಿಸಿದಾಗ ಅವರ ಕಿವಿ ಕೆಂಪಾಗಿತ್ತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟು ವರ್ಷ ಕೆಂಪು ಪೆನ್ನು ಹಿಡಿದ ಕೈ ತನ್ನ ಕಾಗದದ ಮೇಲೆ ಗೀಟು ಹಾಕಿದ್ದನ್ನು ನೋಡಿದ ಏಕೈಕ ಸಾಕ್ಷಿ ನಾನು. ಆದರೆ ಈ ಖುಷಿಯ ನಡುವೆ ಅಕ್ಕನ ಭತ್ತ ನೆನಪಾಯಿತು. ಅವಳಿಗೆ ಏನು ಹೇಳಲಿ ಎಂದೆ. ನಾನೇ ಹೋಗಿ ಹೇಳುತ್ತೇನೆ ಎಂದರು.

ಮರುದಿನ ಬೆಳಿಗ್ಗೆ ಮಾನ್ವಿ ಬಸ್ಸು ಹಿಡಿದು ಮೊದಲು ಸಾಹುಕಾರರ ಗಿರಣಿಗೆ ಹೋದರು. ತಮ್ಮ ಲೆಕ್ಕ ತಪ್ಪಿದೆ, ಊರೂರಿಗೆ ಹೇಳಿಸಿದ್ದನ್ನು ವಾಪಸ್ ತೆಗೆದುಕೊಳ್ಳಬೇಕು ಎಂದರು. ಸಾಹುಕಾರರು ಉಪ್ಪಿಟ್ಟು ತರಿಸಿ, ತಿಂದಾದ ಮೇಲೆ ಮೃದುವಾಗಿ ಬುದ್ಧಿ ಹೇಳಿದರಂತೆ. "ಸರ, ಹೇಳಿದ್ದು ಹೇಳಿಯಾಗ್ಯದ. ಈಗ ಎರಡರಷ್ಟು ಅಂದ್ರ ಎಲ್ಲಾರೂ ಹಸಿ ನೆಲ್ಲು ತಂದು ನನ್ನ ಬಾಗಲಾಗ ಸುರೂತಾರ. ಅಂಗಳ ತುಂಬ್ಯದ. ನೀವು ಸುಮ್ನ ರಾಯಚೂರಿಗೆ ಹೋಗ್ರಿ." ಸರ್ ರಾಯಚೂರಿಗೆ ಹೋಗಲಿಲ್ಲ. ಕಲ್ಲೂರಿಗೆ ಹೋಗುವ ಟಂಟಂ ಆಟೋ ಹತ್ತಿದರು.

ಕಲ್ಲೂರಿನದ್ದನ್ನು ಅಕ್ಕ ಹೇಳಿದ್ದು. ಉರಿ ಬಿಸಿಲು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ರಸ್ತೆಯ ಮೇಲೆ ಹೆಂಗಸರು ಕಾಲಿನಿಂದ ಭತ್ತ ಹರವುತ್ತಿದ್ದರು. ಆ ಹೊತ್ತಿಗೆ ಬಿಳಿ ಅಂಗಿಯ ಉದ್ದನೆಯ ಮನುಷ್ಯನೊಬ್ಬ ಛತ್ರಿ ಹಿಡಿದು ಬಂದು ನಡುರಸ್ತೆಯಲ್ಲಿ ನಿಂತು, ನಾನು ಹೇಳಿದ್ದು ತಪ್ಪು ಎಂದು ಗಟ್ಟಿಯಾಗಿ ಹೇಳಿದ. ಯಾರಿಗೂ ಏನೂ ತಿಳಿಯಲಿಲ್ಲ. ನನ್ನ ಕಾಲೇಜಿನವರೆಂದು ಗುರುತು ಹಿಡಿದವಳು ಅಕ್ಕ. ನೀರು ಕೊಟ್ಟು ಕೇಳಿದಳು.

"ಮಳಿ ಬರತದೋ ಇಲ್ಲೋ, ಅಷ್ಟು ಹೇಳ್ರಿ ಸರ."

"ಒತ್ತಡ ಎರಡರಷ್ಟು ಇಳದದ ಯವ್ವಾ."

"ಅಂದ್ರ ಬರತದ?"

"ಹಗುರದ್ದು ಅಂದಿದ್ನಲ್ಲ, ಅದು ತಪ್ಪು. ದೊಡ್ಡದದ."

ಹೀಗೇ ಮೂರು ಸಲ ಕೇಳಿದಳಂತೆ, ಮೂರು ಸಲವೂ ಒತ್ತಡವನ್ನೇ ಹೇಳಿದರಂತೆ. ಅಕ್ಕ ತನ್ನದೇ ಲೆಕ್ಕ ಮಾಡಿದಳು. ಕನ್ನಡಕ ಹಾಕಿಕೊಂಡ ಕಾಲೇಜಿನ ಮನುಷ್ಯ ಈ ಬಿಸಿಲಲ್ಲಿ ಟಂಟಂ ಹತ್ತಿ ಬಂದು ತನ್ನ ತಪ್ಪು ಒಪ್ಪಿಕೊಳ್ಳುತ್ತಿದ್ದಾನೆಂದರೆ ಆಕಾಶವೇ ಕಳಚಿ ಬೀಳುವುದಿರಬೇಕು. ಅರ್ಧ ಗಂಟೆಯಲ್ಲಿ ಬೀದಿಗೆ ಬೀದಿಯೇ ಭತ್ತ ಬಳಿಯತೊಡಗಿತು. ಸಾಹುಕಾರರ ಗಿರಣಿ ತಗೊಳ್ಳುವುದಿಲ್ಲ ಎಂದಿತು. ಅಕ್ಕ ಮತ್ತು ಕೆಲವರು ಟ್ರ್ಯಾಕ್ಟರ್‌ನಲ್ಲಿ ಹಸಿ ಭತ್ತವನ್ನೇ ತುಂಬಿ ರಾಯಚೂರಿಗೆ ತಂದು, ಸಿಕ್ಕ ವ್ಯಾಪಾರಿಗೆ ಅವನು ಹೇಳಿದ ದರಕ್ಕೆ ಹಾಕಿ ಹೋದರು.

ಮಳೆ ಬರಲಿಲ್ಲ. ತುಫಾನು ದಂಡೆಯ ಉದ್ದಕ್ಕೂ ಉತ್ತರಕ್ಕೆ ಸರಿದು ಬೇರೆ ಯಾರದೋ ಮನೆ ಹಾಳು ಮಾಡಿತು. ಕಲ್ಲೂರಿಗೆ ತಂಪು ಗಾಳಿ ಬೀಸಿತು, ಅದರ ಬೆನ್ನಿಗೆ ಭತ್ತ ಒಣಗಲು ಹೇಳಿ ಮಾಡಿಸಿದಂಥ ಬಿಸಿಲು. ಸರ್ ಮಾತು ಕೇಳದೆ ಸುಮ್ಮನೆ ಮಲಗಿದವರ ಭತ್ತ ಗಲಗಲ ಒಣಗಿತು. ಅಕ್ಕ ಸಂಕ್ರಾಂತಿಯ ತನಕ ನನಗೆ ಫೋನು ಮಾಡಲಿಲ್ಲ.

ಆ ವಾರ ಸರ್ ಸ್ಟಾಫ್ ರೂಮಿಗೆ ಓಡುತ್ತ ಬಂದರು. ಹವಾಮಾನ ಇಲಾಖೆಯವರು ಆ ತುಫಾನಿನ ನಡುವಿನ ಒತ್ತಡ ಎಷ್ಟಿತ್ತೆಂದು ಹೇಳಿದ್ದರು. ಅದು ಇವರ ಎರಡನೇ ಲೆಕ್ಕಕ್ಕೆ ಹತ್ತಿರ ಹತ್ತಿರ ಬಂದಿತ್ತು. ಫೋನನ್ನು ಒಬ್ಬೊಬ್ಬರ ಮುಖಕ್ಕೆ ಹಿಡಿದು, ಸರಿ ಬಂತು, ಒಳಕೋಣೆ ಸೇರಿಸಿದ ಮೇಲೆ ಸರಿ ಬಂತು ಎಂದು ಕುಣಿದಾಡಿದರು. ನನ್ನ ಅಕ್ಕ ಭತ್ತವನ್ನು ಹಸಿಯಾಗಿಯೇ ಮಾರಿಕೊಂಡಳು ಸರ್ ಎಂದೆ. ಅದು ಬೇರೆ ವಿಷಯ ಎಂದರು. ನನಗೆ ಮೈಯೆಲ್ಲ ಉರಿಯಿತು. ಆ ದಿನವೇ ನನ್ನ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಹಾಕಿಕೊಂಡೆ. ಬಹಳ ದಿನ ಅವರ ಜೊತೆ ನಾನು ಮಾತಾಡಿದ್ದು ರಜೆ, ಪರೀಕ್ಷೆ, ಫ್ಯಾನು, ಇಷ್ಟೇ.

ಸಾಹುಕಾರರು ಮಾತ್ರ ಆ ವರ್ಷದ ಕತೆಯನ್ನು ತಮಗೆ ಬೇಕಾದಲ್ಲಿಗೆ ಕತ್ತರಿಸಿ ಇಟ್ಟುಕೊಂಡರು. ಟೀವಿಯವರು ಹೆದರಿಸುತ್ತಿದ್ದಾಗ ನಮ್ಮ ಕಾಲೇಜಿನ ವಿಜ್ಞಾನಿ ಒಬ್ಬರೇ ಮಳೆ ಇಲ್ಲ ಎಂದು ಹೇಳಿದರು, ಅದು ನಿಜವಾಯಿತು ಎಂಬುದು ಅವರ ಕತೆ. ಕಲ್ಲೂರಿಗೆ ಹೋಗಿ ತಪ್ಪು ಎಂದದ್ದು ಆ ಕತೆಯಲ್ಲಿ ಇರಲಿಲ್ಲ. ಹೊಸ ವಿದ್ಯಾರ್ಥಿಗಳ ಪ್ರವೇಶಕ್ಕೆ ಅಚ್ಚು ಹಾಕಿಸಿದ ಕರಪತ್ರದಲ್ಲಿ ಈ ಕತೆ ಬಂತು. ಆಮೇಲೆ ಅವರಿಗೆ ಇನ್ನೂ ದೊಡ್ಡ ಯೋಚನೆ ಹೊಳೆಯಿತು. ಸರ್ ನಿವೃತ್ತರಾದ ಮೇಲೆ ಅವರ ನಿರ್ದೇಶನದಲ್ಲಿ ಕಾಲೇಜಿನ ಮಾಳಿಗೆಯ ಮೇಲೆ ಒಂದು ಹವಾಮಾನ ಅಧ್ಯಯನ ಕೇಂದ್ರ. ಗಿರಣಿಯವರೆಲ್ಲ ಸೇರಿ ಉಪಕರಣ ಕೊಡಿಸುತ್ತಾರೆ. ಬೀಳ್ಕೊಡುಗೆಯ ಸಭೆಯಲ್ಲೇ ಘೋಷಣೆ.

ಸರ್ ಮೂವತ್ತು ವರ್ಷ ಕೇಳಿದ್ದು ಒಂದು ಬ್ಯಾರೋಮೀಟರು. ಈಗ ಒಂದು ಕೋಣೆ, ಒಂದು ಕಂಪ್ಯೂಟರು, ಗಾಳಿಯ ವೇಗ ಅಳೆಯುವ ಬಟ್ಟಲು, ಜೊತೆಗೆ ಬ್ಯಾರೋಮೀಟರು. ಉಪಕರಣಗಳ ಹೆಸರನ್ನು ಅವರು ಮೊಮ್ಮಕ್ಕಳ ಹೆಸರು ಹೇಳಿದಂತೆ ಹೇಳುತ್ತಿದ್ದರು. ನನ್ನ ಕುರ್ಚಿ ಕಿಟಕಿಯ ಕಡೆ ಇದ್ದರೂ ನನ್ನ ಬೆನ್ನಿಗೇ ಹೇಳುತ್ತಿದ್ದರು. ನಿವೃತ್ತಿಯ ನಂತರ ಎರಡರ ಮೇಲೆ ಓಡದ ಫ್ಯಾನಿನ ಕೆಳಗೆ ಕೂತಿರಬೇಕಲ್ಲ ಎಂಬ ಹೆದರಿಕೆಯಿಂದ ಆ ಮನುಷ್ಯ ಒಂದು ವರ್ಷ ಸೊರಗಿದ್ದನ್ನು ನಾನು ನೋಡಿದ್ದೆ. ಅದು ಹೋಯಿತು. ನಡಿಗೆ ಬದಲಾಯಿತು.

ಸಭೆಯ ಹಿಂದಿನ ದಿನ ಗೇಟಿಗೆ ಫ್ಲೆಕ್ಸ್ ಕಟ್ಟಿದರು. ಸಾಹುಕಾರರ ದೊಡ್ಡ ಮುಖ, ಸರ್ ಅವರ ಸಣ್ಣ ಮುಖ, ಕೆಳಗೆ 'ತುಫಾನು ನಮ್ಮ ಕಡೆ ಬಾರದೆಂದು ಮೊದಲೇ ನುಡಿದ ಮಹಾ ವಿಜ್ಞಾನಿ' ಎಂಬ ಸಾಲು. ಸರ್ ಅದರ ಮುಂದೆ ಬಹಳ ಹೊತ್ತು ನಿಂತಿದ್ದರು. ಕೈ ತಾನಾಗಿ ಕಿಸೆಗೆ ಹೋಯಿತು. ಕೆಂಪು ಪೆನ್ನಿಗೆ ಆ ಫ್ಲೆಕ್ಸು ಎಟುಕುತ್ತಿರಲಿಲ್ಲ. ನಾನು ದಾಟಿ ಹೋಗುತ್ತಿದ್ದವಳನ್ನು ಕರೆದು ಕೇಳಿದರು.

"ಮೇಡಂ, ಇದು ತಪ್ಪದಲ್ರಿ?"

"ತಪ್ಪದ. ಸುಮ್ನಿರ್ರಿ. ಕೇಂದ್ರ ಆಗ್ಲಿ, ಬ್ಯಾರೋಮೀಟರ್ ಬರ್ಲಿ. ಆಮ್ಯಾಲ ತಿದ್ದಿದ್ರಾತು."

ಅವರು ತಲೆಯಾಡಿಸಿದರು. ಒಪ್ಪಿದರೆಂದೇ ನಾನು ತಿಳಿದೆ. ಒಪ್ಪದೆ ಇರಲು ಆ ಮನುಷ್ಯನಿಗೆ ಹುಚ್ಚೇ ಹಿಡಿದಿರಬೇಕಿತ್ತು.

ಸಭಾಂಗಣ ತುಂಬಿತ್ತು, ಅಂದರೆ ತುಂಬಿಸಿದ್ದರು. ಕುರ್ಚಿ ಖಾಲಿ ಕಾಣಬಾರದೆಂದು ಸಾಹುಕಾರರು ಮಾನ್ವಿ, ಕಲ್ಲೂರು ಕಡೆಯಿಂದ ತಮ್ಮ ಗಿರಣಿಗೆ ಭತ್ತ ಹಾಕುವವರನ್ನು ಲಾರಿಯಲ್ಲಿ ಕರೆಸಿದ್ದರು. ಊಟಕ್ಕೆ ಹೋಳಿಗೆ. ಅಕ್ಕನೂ ಬಂದಿದ್ದಳು. ಸರ್ ಮೇಲಿನ ಸಿಟ್ಟು ಬೇರೆ, ಹೋಳಿಗೆ ಬೇರೆ ಎಂದು ನನ್ನ ಕಿವಿಯಲ್ಲಿ ಹೇಳಿ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಳು. ಭಾಷಣಗಳಾದವು. ಎಲ್ಲರೂ ಸರ್ ಅವರ ಸೌಮ್ಯ ಸ್ವಭಾವವನ್ನು ಹೊಗಳಿದರು. ಮಹಬೂಬ್ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಶಾಲು, ಹಾರ, ಹಣ್ಣಿನ ಬುಟ್ಟಿ ಆದ ಮೇಲೆ ಸಾಹುಕಾರರು ತುಫಾನಿನ ಕತೆ ಹೇಳಿ, ಕೇಂದ್ರವನ್ನು ಘೋಷಿಸಿ, ಸರ್ ಎರಡು ಮಾತಾಡಬೇಕು ಎಂದರು. ಜೋರು ಚಪ್ಪಾಳೆ.

ಸರ್ ಎದ್ದು ಮೈಕಿನ ಎತ್ತರ ಸರಿ ಮಾಡಿದರು. ಆ ಲೆಕ್ಕ ತಪ್ಪಿತ್ತು ಎಂದರು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ತಾವು ಗೋಡೆಯ ತನಕ ಲೆಕ್ಕ ಮಾಡಿ ಒಳಗಿನದ್ದನ್ನು ಬಿಟ್ಟಿದ್ದಾಗಿಯೂ, ಹಗುರದ್ದು ಎಂದದ್ದು ತಪ್ಪೆಂದೂ, ಫ್ಲೆಕ್ಸಿನಲ್ಲಿ ಬರೆದದ್ದು ಇನ್ನೂ ದೊಡ್ಡ ತಪ್ಪೆಂದೂ ಒಂದೊಂದಾಗಿ ಹೇಳಿದರು. ಸಾಹುಕಾರರು ತಮ್ಮ ಮುಂದಿನ ಮೈಕು ಎಳೆದುಕೊಂಡು, ಎಂಥ ವಿನಯ ನೋಡಿರಿ ಶರಣರದ್ದು ಎಂದರು. ಸಭೆ ಚಪ್ಪಾಳೆ ತಟ್ಟಿತು. ಸರ್ ಮೇಜು ಗುದ್ದಿ, ವಿನಯವಲ್ಲ, ತಪ್ಪು ಎಂದರು. ಇನ್ನೂ ಜೋರು ಚಪ್ಪಾಳೆ. ಮುಂದಿನ ಸಾಲಿನ ನಿವೃತ್ತ ಪ್ರಾಂಶುಪಾಲರೊಬ್ಬರು ಕಣ್ಣೊರೆಸಿಕೊಂಡರು. ನನಗೆ ನಗು ಬಂತು, ಆಮೇಲೆ ನಗು ನಿಂತಿತು. ಅವರ ಕಿವಿ ಅವತ್ತಿನಂತೆಯೇ ಕೆಂಪಾಗಿತ್ತು. ಜನ್ಮದಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿದ ತಪ್ಪನ್ನು ಯಾರೂ ತಗೊಳ್ಳುತ್ತಿರಲಿಲ್ಲ.

"ತಪ್ಪು ಲೆಕ್ಕಕ್ಕ ಕೊಟ್ಟ ಕುರ್ಚಿ ನನಗ ಬ್ಯಾಡ್ರಿ," ಎಂದರು. "ಆ ಕುರ್ಚಿ ಮ್ಯಾಲ ಕುಂತು ಸರಿ ಲೆಕ್ಕ ಮಾಡಾಕ ಬರಂಗಿಲ್ಲ."

ಅದಕ್ಕೂ ಚಪ್ಪಾಳೆ ಬಂತು. ಸಾಹುಕಾರರ ಕೈ ಮಾತ್ರ ಈ ಸಲ ಸೇರಲಿಲ್ಲ. ಅವರು ನಗುತ್ತಲೇ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಕೇಂದ್ರ ಅಲ್ಲಿಗೆ ಮುಗಿಯಿತು ಎಂದು ವೇದಿಕೆಯ ಮೇಲಿದ್ದವರಿಗೆಲ್ಲ ತಿಳಿಯಿತು. ಸರ್‌ಗೂ ತಿಳಿಯಿತು.

ಆಗ ಹಿಂದಿನ ಸಾಲಿನಿಂದ ಅಕ್ಕ ಎದ್ದಳು. ನಾನು ಸೆರಗು ಹಿಡಿದು ಎಳೆದೆ, ಕೊಡವಿಕೊಂಡಳು. ಇಡೀ ಸಭೆಯಲ್ಲಿ ಅವರ ಮಾತನ್ನು ನಂಬಿದವಳು ಅವಳೊಬ್ಬಳೇ, ಯಾಕೆಂದರೆ ಸಿಟ್ಟಿದ್ದವಳು ಅವಳೊಬ್ಬಳೇ.

"ಹಂಗಾರ ಎರಡನೇ ಲೆಕ್ಕ ಸರಿ ಇತ್ತಂತೀರಲ್ರಿ. ಮತ್ತ ಕಲ್ಲೂರಾಗ ಮಳಿ ಯಾಕ ಬರಲಿಲ್ಲ?"

ಸರ್ ಹಿಂದಿನ ಸಾಲಿನವರೆಗೂ ಕಣ್ಣು ಕಿರಿದು ಮಾಡಿ ನೋಡಿ ಅವಳ ಗುರುತು ಹಿಡಿದರು. ಮೈಕಿನಿಂದ ಕೈ ತೆಗೆದರು.

"ಅದು ನನಗ ಗೊತ್ತಿಲ್ಲವ್ವಾ. ಮಳಿ ಲೆಕ್ಕ ನನಗ ಬರಂಗಿಲ್ಲ."

ಈ ಮಾತಿಗೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

"ಇಷ್ಟು ಅವತ್ತ ಅಂದಿದ್ರ ಸಾಕಿತ್ತಲ್ರಿ ಸರ," ಎಂದಳು ಅಕ್ಕ, ಮತ್ತು ಕೂತಳು.